ಜನೆಲ್ ಉಂಟಾ?

ಅಲ್ ಮುರಕ್ಕಬಾತ್, ದುಬೈ
4 ಸೆಪ್ಟೆಂಬರ್ 2015

ಲಿಯೋ ಅಣ್ಣನಿಗೆ,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದೆಂದರೆ ಬರೀ ಕೇಳಿಸಿಕೊಳ್ಳುವುದು, ಅದಕ್ಕೇ ಈ ಕಾಗದ. ನಮ್ಮ ಹೊಟೇಲಿನ ಡ್ರೈವರ್ ಅನ್ಸಾರ್ ನಾಳೆ ಅಬುಧಾಬಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೊಂಕಣಿ ಬಿಟ್ಟು ಕನ್ನಡದಲ್ಲಿ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಕೊಂಕಣಿಯಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ನಾನು ನಿನ್ನ ಚಿಕ್ಕ ತಂಗಿಯಾಗಿಬಿಡುತ್ತೇನೆ. ನೀನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತೇನೆ. ಕನ್ನಡದಲ್ಲಾದರೆ ನಾನು ಕಿನ್ನಿಗೋಳಿಯ ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ನಿನ್ನನ್ನು ಸೋಲಿಸಿದವಳು. ನೀನು ಮರೆತಿರಬಹುದು, ನಾನು ಮರೆತಿಲ್ಲ.

ಮೊನ್ನೆ ಹೊಟೇಲಿನವರು ಕೇಕು ಕತ್ತರಿಸಿ ನನ್ನನ್ನು ಬೀಳ್ಕೊಟ್ಟರು. ಮ್ಯಾನೇಜರ್ ಕೊನೆಯ ದಿನವೂ ನನ್ನನ್ನು 'ಡಾಲ್ಫಿನ್' ಎಂದೇ ಕರೆದ. ಇಪ್ಪತ್ತಾರು ವರ್ಷ ಬೇರೆಯವರ ಹಾಸಿಗೆ ಹಾಸಿದ್ದಾಯಿತು, ಹಾಸುವವರ ಮೇಲೆ ಸೂಪರ್‌ವೈಸರ್ ಆಗಿ ನಿಂತದ್ದೂ ಆಯಿತು. ಖಲಾಸ್. ವೀಸಾ ರದ್ದಾಗಿದೆ, ತಿಂಗಳೊಳಗೆ ಈ ದೇಶ ಬಿಡಬೇಕು.

ಈಗ ನಿನ್ನ ಏರ್ಪಾಡಿನ ವಿಷಯ. "ರೀಮ್ ಐಲ್ಯಾಂಡಿನಲ್ಲಿ ಕ್ಯಾರಲ್‌ನ ಫ್ಲಾಟಿನಲ್ಲಿ ನಿನಗೇಂತಲೇ ಒಂದು ರೂಮು ಇಟ್ಟಿದ್ದೇವೆ ಮಾರಾಯ್ತಿ, ಒಮ್ಮೆ ಊರಿಗೆ ಹೋಗಿ ಬಾ, ವಿಸಿಟ್ ವೀಸಾ ನಾವು ತೆಗೀತೇವೆ, ಇನ್ನು ನಿನಗೆ ರೆಸ್ಟ್" ಎಂದೆಯಲ್ಲ. ನಿನ್ನ ಮಗಳು ಒಳ್ಳೆಯವಳು, ಅವಳ ಗಂಡ ಲೆಸ್ಟರ್ ಕೂಡ ಪಾಪದವನು. ಆದರೆ ಮಗುವಿನ ಬ್ಯಾಪ್ಟಿಸಂಗೆ ಬಂದಾಗ ಅವರು ನನಗೆ ಇಡೀ ಮನೆ ತೋರಿಸಿದರು, ಆ ಒಂದು ಕೋಣೆ ಬಿಟ್ಟು. ಅದರ ಬಾಗಿಲಿಗೆ ಇಸ್ತ್ರಿ ಮಾಡುವ ಹಲಗೆ ಒರಗಿಸಿತ್ತು. ಅಡುಗೆಮನೆಯ ಹಿಂದಿನ ಆ ಕೋಣೆಗೆ ಈ ಊರಿನಲ್ಲಿ ಏನು ಹೆಸರು ಎಂದು ನನಗೂ ಗೊತ್ತು, ನಿನಗೂ ಗೊತ್ತು. ಮೇಡ್ಸ್ ರೂಮ್.

ಹೆಸರು ಹಾಳಾಗಲಿ. ಒಂದೇ ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಜನೆಲ್ ಉಂಟಾ?

ನನ್ನ ಅಭ್ಯಾಸ ನಿನಗೆ ಗೊತ್ತಿಲ್ಲ. ಯಾವ ಕೋಣೆಗೆ ಕಾಲಿಟ್ಟರೂ ನಾನು ಮೊದಲು ಹೋಗುವುದು ಜನೆಲಿಗೆ. ಕನ್ನಡದಲ್ಲಿ ಬರೆದರೂ ನನಗೆ ಅದು ಕಿಟಕಿಯಲ್ಲ, ಜನೆಲೇ. ಮಂಚ, ಟವೆಲು, ಕನ್ನಡಿ ಎಲ್ಲ ಆಮೇಲೆ. ಈ ಊರಿಗೆ ಬಂದಾಗಿನಿಂದ ನಾನು ಇದ್ದದ್ದು ಬೆಡ್ ಸ್ಪೇಸಿನಲ್ಲಿ. ಕೋಣೆ ಎಂದೂ ನನ್ನದಲ್ಲ, ಮಂಚದಷ್ಟು ಜಾಗ ಮಾತ್ರ ನನ್ನದು. ಜನೆಲಿನ ಪಕ್ಕದ ಮಂಚ ಹಳಬರಿಗೆ. ನಾನು ಹಳಬಳಾಗಿ ಆ ಮಂಚ ಸಿಗುವಷ್ಟರಲ್ಲಿ ಹೊರಗಡೆ ಎ.ಸಿ. ಪೆಟ್ಟಿಗೆ ಕೂರಿಸಿ ಜನೆಲನ್ನೇ ಮುಚ್ಚಿಬಿಟ್ಟರು.

ಅದಕ್ಕೆ ನಾನು ಸಾವೊ ತೊಮೆಗೆ ಹೋಗುತ್ತಿದ್ದೇನೆ. ಆಫ್ರಿಕಾದ ಪಶ್ಚಿಮಕ್ಕೆ, ಸಮುದ್ರದ ನಡುವೆ ಇರುವ ಪುಟ್ಟ ದ್ವೀಪದ ದೇಶ. ಹಿಂದೊಮ್ಮೆ ಅಲ್ಲಿನ ಒಬ್ಬಳು ಹೆಂಗಸು ವಿಮಾನ ತಪ್ಪಿ ನಮ್ಮ ಹೊಟೇಲಿನಲ್ಲಿ ಉಳಿದಿದ್ದಳು. ಇಂಗ್ಲಿಷ್ ಬಾರದು. ನಾನು ಒಳಗೆ ಹೋದಾಗ "ಜನೇಲಾ, ಜನೇಲಾ" ಎಂದಳು. ನಾನು ಸೀದಾ ಹೋಗಿ ಜನೆಲ್ ತೆರೆದೆ, ತೆರೆದ ಮೇಲೆ ನನಗೇ ಆಶ್ಚರ್ಯವಾಯಿತು. ಅವಳು ಆಡುವುದು ಪೋರ್ಚುಗೀಸ್. ಗೋವೆಯ ಪಾದ್ರಿಗಳು ನಮ್ಮ ಹಿರಿಯರ ಬಾಯಿಗೆ ಹಾಕಿ ಹೋದ ಮಾತುಗಳೇ! ಮೇಜಿಗೆ ಮೇಜಾ, ಚಾವಿಗೆ ಚಾವಿ, ಬಾಲ್ದಿಗೆ ಬಾಲ್ದಿ, ತುವಾಲು, ಸಾಬೂನು, ಅಡುಗೆಮನೆಗೆ ಕುಜ್ನ್, ಚರ್ಚಿಗೆ ಇಗರ್ಜ್. ನನ್ನ ಕಸುಬಿನ ಮಾತೆಲ್ಲ ನನಗೆ ಮೊದಲೇ ಬರುವ ದೇಶ ಒಂದಿದೆ ಎಂದು ಅವತ್ತೇ ಮನಸ್ಸಿನಲ್ಲಿ ಕೂತುಬಿಟ್ಟಿತು. ಒಮ್ಮೆಯಾದರೂ ಬೇರೆ ಯಾರೋ ಹಾಸಿದ ಹಾಸಿಗೆಯಲ್ಲಿ, ಜನೆಲ್ ಇರುವ ಕೋಣೆಯಲ್ಲಿ ಅತಿಥಿಯಾಗಿ ಇರಬೇಕು. ಟಿಕೆಟ್ ಆಗಿದೆ.

ಎಲ್ಸಿ ಅತ್ತಿಗೆಗೆ ನನ್ನ ಪ್ರೀತಿ ತಿಳಿಸು.

ಡೆಲ್ಫಿನ್


ಹಮ್ದಾನ್ ಸ್ಟ್ರೀಟ್, ಅಬುಧಾಬಿ
7 ಸೆಪ್ಟೆಂಬರ್ 2015

ಪ್ರೀತಿಯ ತಂಗಿ ಡೆಲ್ಫಿನ್‌ಗೆ,

ಕಾಗದ ಸಿಕ್ಕಿತು. ಎರಡು ಸಲ ಓದಿದೆ, ಎರಡು ಸಲವೂ ಬಿ.ಪಿ. ಮಾತ್ರೆ ತೆಗೆದುಕೊಳ್ಳಬೇಕಾಯಿತು. ಕೈಯಲ್ಲಿ ಕನ್ನಡ ಬರೆಯದೆ ವರ್ಷಗಳಾದವು, ಅಕ್ಷರ ನೋಡಿ ನಗಬೇಡ. ಇದನ್ನು ಆಫೀಸಿನ ಸ್ಕ್ಯಾನರಿಗೆ ಹಾಕಿ ಇಮೇಲಿನಲ್ಲಿ ಕಳಿಸುತ್ತಿದ್ದೇನೆ. ಇನ್ನು ಮುಂದೆ ನೀನೂ ಹಾಗೆಯೇ ಮಾಡು, ನಮ್ಮ ಮನೆಯ ವಿಷಯ ಕಂಡವರ ಜೇಬಿನಲ್ಲಿ ಓಡಾಡುವುದು ಬೇಡ.

ಚರ್ಚಾಸ್ಪರ್ಧೆಯಲ್ಲಿ ನೀನು ಗೆದ್ದದ್ದು ತೀರ್ಪುಗಾರರು ಹುಡುಗಿ ಎಂದು ಕನಿಕರಪಟ್ಟದ್ದರಿಂದ.

ನೀನು ಹೇಳಿದ ದೇಶವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಮ್ಯಾಪಿನ ಮೇಲೆ ನೊಣ ಕೂತ ಹಾಗೆ ಎರಡು ಚುಕ್ಕಿ. ನಮ್ಮ ಆಫೀಸಿನ ಯುಜಿನ್ ಆಫ್ರಿಕಾ ಎಲ್ಲ ಸುತ್ತಿದವನು, ಅವನನ್ನು ಕೇಳಿದೆ. "ಅಲ್ಲಿಗೆ ಹೋದವರನ್ನೇ ನಾನು ನೋಡಿದ್ದಿಲ್ಲ ಮಾರಾಯ" ಎಂದ. ಐವತ್ತೇಳು ವರ್ಷದ ಒಂಟಿ ಹೆಂಗಸು, ಗುರುತು ಪರಿಚಯ ಇಲ್ಲದ ಕಡೆ ಉಳಿಯುವುದು ಎಲ್ಲಿ? ನನಗೆ ಬೇರೆ ಏನೂ ಬೇಡ, ಇದೊಂದಕ್ಕೆ ಉತ್ತರ ಕೊಡು.

ಕೋಣೆಯ ವಿಷಯಕ್ಕೆ ಬಂದರೆ, ಅದಕ್ಕೆ ಅದರದ್ದೇ ಬಾತ್‌ರೂಮ್ ಉಂಟು. ಸೆಂಟ್ರಲ್ ಎ.ಸಿ. ಉಂಟು. ಬೇಕಾದರೆ ಫ್ಯಾನ್ ಕೂಡ ಹಾಕಿಸುತ್ತೇನೆಂದು ಕ್ಯಾರಲ್ ಹೇಳಿದ್ದಾಳೆ. ಅವಳಿಗೆ ಜನವರಿಯಿಂದ ಮತ್ತೆ ಡ್ಯೂಟಿ ಶುರು, ಅಷ್ಟರೊಳಗೆ ನೀನು ಬಂದು ಮನೆಗೆ ಹೊಂದಿಕೊಂಡರೆ ಎಲ್ಲರಿಗೂ ಅನುಕೂಲ. ಮಗು ಡ್ಯಾರಲ್ ನಿನ್ನ ಫೋಟೋ ನೋಡಿದರೆ ನಗುತ್ತಾನೆ.

ನಿನ್ನನ್ನು ಈ ದೇಶಕ್ಕೆ ಕರೆಸಿದವನು ನಾನು. ನಿನ್ನ ಜವಾಬ್ದಾರಿ ನನ್ನ ಮೇಲಿದೆ. ಹುಚ್ಚುತನ ಬಿಡು.

ನಿನ್ನ ಅಣ್ಣ
ಲಿಯೋ


ಸಾವೊ ತೊಮೆ
5 ಅಕ್ಟೋಬರ್ 2015

ಲಿಯೋ ಅಣ್ಣನಿಗೆ,

ಬಂದೆ. ದುಬೈಯಿಂದ ಲುವಾಂಡ, ಅಲ್ಲಿಂದ ಇಲ್ಲಿಗೆ. ನಿನ್ನ ಎರಡು ಚುಕ್ಕಿಗಳಲ್ಲಿ ದೊಡ್ಡದರ ಮೇಲೆ ಕೂತು ಬರೆಯುತ್ತಿದ್ದೇನೆ. ನನಗೆ ಸ್ಕ್ಯಾನರ್ ಎಲ್ಲಿಂದ ಬರಬೇಕು. ಬರೆದದ್ದನ್ನು ಫೋನಿನಲ್ಲಿ ಫೋಟೋ ಹೊಡೆದು, ಬಂದರಿನ ಹತ್ತಿರದ ಒಂದು ಕಾಫಿ ಅಂಗಡಿಯಲ್ಲಿ ಇಂಟರ್ನೆಟ್ ಬಂದಾಗ ಕಳಿಸುತ್ತೇನೆ.

ನಿನ್ನೆ ಆದಿತ್ಯವಾರ. ದೊಡ್ಡ ಇಗರ್ಜಿಯಲ್ಲಿ ಮೀಸಿನ ಪೂಜೆ ಕೇಳಿದೆ, ನನ್ನ ಸೂಟ್‌ಕೇಸೂ ಪಕ್ಕದಲ್ಲಿ ಕೂತು ಕೇಳಿತು. ಹಾಡು ಗೊತ್ತಿಲ್ಲದಿದ್ದರೂ ರಾಗ ಹಿಡಿದುಕೊಂಡು ಹೋದೆ. ಹೊರಗೆ ಬಂದರೆ ರಸ್ತೆಯ ಪಕ್ಕ ಕೆಂಡದ ಮೇಲೆ ಏನು ಸುಡುತ್ತಿದ್ದರು ಹೇಳು? ಜೀಗುಜ್ಜೆ! ನಮ್ಮ ಮಾಂಯ್ ಹುರಿಯುತ್ತಿದ್ದ ಅದೇ ಜೀಗುಜ್ಜೆ. ಸುಟ್ಟ ಮೀನಿನ ಜೊತೆಗೆ ತಿಂದೆ.

ಎಲ್ಲಿ ಉಳಿದಿದ್ದೀ ಎಂದು ಕೇಳುತ್ತೀ. ಗಾಳಿ ಬೆಳಕು ಧಾರಾಳ ಇರುವ ಜಾಗ. ಅಷ್ಟು ಸಾಕು.

ನೀನು ಬಾತ್‌ರೂಮಿನ ವಿಷಯ ಬರೆದೆ, ಎ.ಸಿ. ವಿಷಯ ಬರೆದೆ, ಫ್ಯಾನಿನ ವಿಷಯ ಬರೆದೆ. ನಾನು ಕೇಳಿದ್ದು ಜನೆಲಿನ ವಿಷಯ.

ಡೆಲ್ಫಿನ್


ಸಾವೊ ತೊಮೆ
9 ಅಕ್ಟೋಬರ್ 2015

ಲಿಯೋ ಅಣ್ಣ, ಕಾಮಾ ಸಿಕ್ಕಿತು. ಚಿಂತೆ ಬಿಡು. ಇಂಟರ್ನೆಟ್ ಈಗ ಹೋಗುತ್ತದೆ, ಉಳಿದದ್ದು ಮತ್ತೆ ಬರೆಯುತ್ತೇನೆ.

ಡೆ.


ಹಮ್ದಾನ್ ಸ್ಟ್ರೀಟ್, ಅಬುಧಾಬಿ
11 ಅಕ್ಟೋಬರ್ 2015

ಡೆಲ್ಫಿನ್,

ಕಾಮ್ ಸಿಕ್ಕಿತಾ? ಅಂದರೆ ನೀನು ಅಲ್ಲಿಗೆ ಹೋದದ್ದು ಕೆಲಸಕ್ಕೆ! ಅತಿಥಿಯಾಗಿ ಇರುತ್ತೇನೆ, ಇನ್ನೊಬ್ಬರು ಹಾಸಿದ ಹಾಸಿಗೆಯಲ್ಲಿ ಮಲಗುತ್ತೇನೆ ಎಂದೆಲ್ಲ ಬರೆದದ್ದು ಬರೀ ಬೊಗಳೆ. ಗುರುತಿಲ್ಲದ ಜನರ ಮನೆಯಲ್ಲಿ ಪಾತ್ರೆ ತೊಳೆಯಲು ನಿನಗೆ ಆಗುತ್ತದೆ, ಸ್ವಂತ ಅಣ್ಣನ ಮೊಮ್ಮಗನನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಕ್ಯಾರಲ್ ಡ್ಯೂಟಿಗೆ ಹೋದರೆ ಮಗುವನ್ನು ಯಾರು ನೋಡಬೇಕು? ಎಲ್ಸಿಗೆ ಆಸ್ಪತ್ರೆಯಲ್ಲಿ ಶಿಫ್ಟು. ಹೊರಗಿನ ಕೆಲಸದವಳ ಕೈಯಲ್ಲಿ ಹಸುಗೂಸನ್ನು ಕೊಡುವ ಕಾಲವಾ ಇದು? ನಾವೆಲ್ಲ ಕೂತು ನಿನ್ನನ್ನು ನಂಬಿ ಒಂದು ಲೆಕ್ಕ ಹಾಕಿದ್ದೆವು, ನೀನು ಅದನ್ನೆಲ್ಲ ಬುಡಮೇಲು ಮಾಡಿದೆ.

ಎಂಥ ಕೆಲಸ ಅದು? ಪಾಸ್‌ಪೋರ್ಟನ್ನು ಯಾರ ಕೈಯಲ್ಲೂ ಕೊಡಬೇಡ.

ಲಿಯೋ


ಸಾವೊ ತೊಮೆ
20 ಅಕ್ಟೋಬರ್ 2015

ಲಿಯೋ ಅಣ್ಣನಿಗೆ,

ನಿನ್ನ ಕಾಗದ ಓದಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಸಿಟ್ಟು ಬಂತು. ಎರಡನ್ನೂ ಸರದಿಯಲ್ಲಿ ಹೇಳುತ್ತೇನೆ.

ಇಲ್ಲಿ ಉಳಿಯುವ ಜಾಗ ಹುಡುಕುವುದೆಂದರೆ ನಿಜಕ್ಕೂ ಫಜೀತಿ. ದುಬೈಯಲ್ಲಿ ನನ್ನ ಟಿಕೆಟ್ ಮಾಡಿಕೊಟ್ಟ ಫರ್ಝಾನ ಎಲ್ಲೆಲ್ಲೋ ಫೋನ್ ಮಾಡಿ ಒಂದು ಮನೆ ಗೊತ್ತುಮಾಡಿ ಕೊಟ್ಟಿದ್ದಳು. ಬಂದು ನೋಡಿದರೆ ಗೇಟಿಗೆ ಬೀಗ, ಒಳಗೊಂದು ನಾಯಿ, ಯಜಮಾನ ಲಿಸ್ಬನ್ನಿಗೆ ಹೋಗಿ ಎಷ್ಟೋ ಕಾಲವಾಗಿತ್ತಂತೆ. ಸೂಟ್‌ಕೇಸ್ ಎಳೆದುಕೊಂಡು ಸಿಸ್ಟರ್‌ಗಳ ಮನೆಗೆ ಹೋದೆ. ಒಬ್ಬಳು ಎಳೆಯ ಸಿಸ್ಟರ್ ಬಾಗಿಲು ತೆಗೆದು ನನ್ನನ್ನೂ ಸೂಟ್‌ಕೇಸನ್ನೂ ನೋಡಿ ಅಯ್ಯೋ ಪಾಪ ಎಂಬ ದನಿಯಲ್ಲಿ ಕೇಳಿದಳು: "ಕಾಮಾ?"

ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖದ ಮೇಲೇ ಬರೆದಿದೆಯಾ, ಇವಳು ಕೆಲಸ ಕೇಳಿಕೊಂಡು ಬಂದವಳು ಎಂದು? "ನೋ ಕಾಮ್!" ಎಂದೆ. "ಕಾಮ್ ಖಲಾಸ್! ಐ ಆಮ್ ರಿಟೈರ್ಡ್!" ಪಾಪ, ಅವಳು ಹೆದರಿ ಬಾಗಿಲು ಹಾಕಿಕೊಂಡಳು. ಕಾಫಿ ಅಂಗಡಿಯವನು ಕೇಳಿದ, ಕಾಮಾ? ಅವನಿಗೂ ಬೈದೆ. ಟ್ಯಾಕ್ಸಿಯವನು ಕೇಳಿದ, ಅವನಿಗೂ. ಇಗರ್ಜಿಯ ಜಗಲಿಯೇ ನನ್ನ ಕೋಣೆಯಾಯಿತು. ಗಾಳಿ ಬೆಳಕು ಧಾರಾಳ ಎಂದು ಬರೆದೆನಲ್ಲ, ಅದೇ. ಆಗ ಹೇಳಿದ್ದರೆ ನೀನು ಕುಣಿದಾಡುತ್ತಿದ್ದೆ, ಅದಕ್ಕೇ ಹೇಳಲಿಲ್ಲ.

ಕೊನೆಗೆ ಮಾರ್ಕೆಟಿನಲ್ಲಿ ಮೀನು ಮಾರುವ ದೋನಾ ತೆರೆಸಾ ಎಂಬ ವಿಧವೆ ನನ್ನ ಗಲಾಟೆ ನೋಡಿ ಎದ್ದು ಬಂದಳು. ಮಾತಿಲ್ಲ ಕತೆಯಿಲ್ಲ, ಮೀನಿನ ವಾಸನೆಯ ಕೈಯಲ್ಲೇ ನನ್ನ ಕೈ ಹಿಡಿದು ಅವಳ ಮನೆಗೆ ಕರೆದುಕೊಂಡು ಹೋದಳು. ಮರದ ಮನೆ, ಮೇಲೊಂದು ಕೋಣೆ. ಅಲ್ಲಿದ್ದ ಮಂಚದ ಮೇಲೆ ಪಟಪಟ ಬಡಿದು ಹೇಳಿದಳು: "ಕಾಮಾ!"

ಮಂಚ, ಲಿಯೋ ಅಣ್ಣ! ಇವರ ಮಾತಿನಲ್ಲಿ ಕಾಮಾ ಎಂದರೆ ಮಂಚ. ಜನೆಲಿನಿಂದ ಬಾಲ್ದಿಯವರೆಗೆ ಎಲ್ಲ ನಮ್ಮ ಮಾತೇ ಎಂದು ಮೆರೆದವಳಿಗೆ ಇದೊಂದು ಮಾತು ಸರಿಯಾಗಿ ಕೈಕೊಟ್ಟಿತು. ಊರಿಡೀ ನನ್ನನ್ನು ಮಲಗಲು ಕರೆಯುತ್ತಿತ್ತು, ನಾನು ಕೆಲಸಕ್ಕೆ ಕರೆಯುತ್ತಿದ್ದಾರೆಂದು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ನಾನು ಮಂಚದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಯಾಕೆಂದು ತಿಳಿಯದೆ ತೆರೆಸಾಳೂ ನಕ್ಕಳು. ನಿನಗೆ ಬರೆದದ್ದು ಅದನ್ನೇ: ಮಂಚ ಸಿಕ್ಕಿತು.

ಬೆಳಿಗ್ಗೆ ಅವಳೇ ಬಂದು ಹಾಸಿಗೆ ಸರಿಮಾಡುತ್ತಾಳೆ. ಮೂಲೆ ಮಡಚುವುದಿಲ್ಲ, ದಿಂಬನ್ನು ಸೊಟ್ಟಗೆ ಇಡುತ್ತಾಳೆ. ನನ್ನ ಕೈ ತುರಿಸುತ್ತದೆ. ಆದರೂ ಕದೆಲಿನ ಮೇಲೆ (ಕುರ್ಚಿಗೂ ಇವರದ್ದು ನಮ್ಮದೇ ಮಾತು) ಕಾಲು ಚಾಚಿ ಕೂತು ನೋಡುತ್ತೇನೆ, ಒಂದು ಮಾತೂ ಹೇಳುವುದಿಲ್ಲ. ಎಂಥ ಸುಖ ಎಂದು ನಿನಗೆ ಹೇಗೆ ತಿಳಿಸಲಿ? ಜನೆಲಿಗೆ ಗಾಜಿಲ್ಲ, ಬರೀ ಮರದ ಬಾಗಿಲು. ತೆರೆದರೆ ಬಂದರು ಕಾಣುತ್ತದೆ.

ಇನ್ನು ಸಿಟ್ಟು. ತಪ್ಪು ಓದಿದ್ದರಿಂದಲಾದರೂ ನಿನ್ನ ಬಾಯಿಂದ ನಿಜ ಹೊರಬಂತು. ನನಗೆ ರೆಸ್ಟ್ ಎಂದೆ, ನಿನಗೇಂತಲೇ ಕೋಣೆ ಎಂದೆ. ಮಗುವನ್ನು ನೋಡಿಕೊಳ್ಳಲು ಬಾ ಎಂದು ಒಂದು ಸಲವೂ ಹೇಳಲಿಲ್ಲ. ಸರಿಯಾಗಿ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ, ಅದು ಈಗ ನಿನಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಇಲ್ಲಿಯವರು ಮಂಚ ಎಂದರು, ನಾನು ಕೆಲಸ ಎಂದು ತಿಳಿದೆ. ನೀನು ಮಂಚ ಎಂದೆ, ಇಟ್ಟದ್ದು ಕೆಲಸ. ಡ್ಯಾರಲ್ ಮುದ್ದು ಮಗು. ಅವನ ಮೇಲೆ ನನಗೆ ಪ್ರೀತಿ ಉಂಟು. ಆದರೆ ನಾನು ಬರುವುದಿಲ್ಲ.

ಡೆಲ್ಫಿನ್


ಹಮ್ದಾನ್ ಸ್ಟ್ರೀಟ್, ಅಬುಧಾಬಿ
14 ಜನವರಿ 2016

ಡೆಲ್ಫಿನ್,

ನಿನ್ನ ಕ್ರಿಸ್ಮಸ್ ಕಾರ್ಡಿಗೆ ಉತ್ತರ ಬರೆಯುವ ಮನಸ್ಸಿರಲಿಲ್ಲ. ಈಗಲೂ ಇಲ್ಲ. ಒಂದು ಸುದ್ದಿ ತಿಳಿಸಬೇಕು ಎಂದು ಬರೆಯುತ್ತಿದ್ದೇನೆ.

ಎಲ್ಸಿ ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಮಗುವನ್ನು ನೋಡಲು ಬೇರೆ ಯಾರೂ ಇಲ್ಲವಲ್ಲ. ಕೊನೆಯ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಒಗೆದು, ಇಸ್ತ್ರಿ ಮಾಡಿ, ನಾಳೆ ಮತ್ತೆ ಹೋಗುವವಳ ಹಾಗೆ ಹ್ಯಾಂಗರಿಗೆ ಹಾಕಿಟ್ಟಿದ್ದಾಳೆ. ಈಗ ದಿನಾ ಬೆಳಿಗ್ಗೆ ಟ್ಯಾಕ್ಸಿ ಹಿಡಿದು ರೀಮ್ ಐಲ್ಯಾಂಡಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ಮಾತು ಕಡಿಮೆ ಮಾಡಿದ್ದಾಳೆ. ನಿನ್ನ ಮೇಲೆ ಅವಳಿಗೆ ಬಹಳ ಬೇಜಾರಿದೆ.

ಸಂತೋಷವಾಯಿತಾ? ನೀನು ಜನೆಲ್ ತೆರೆದು ಸಮುದ್ರ ನೋಡುತ್ತಾ ಇರು. ನಮಗೆ ಇಲ್ಲಿ ಬೇರೆ ಚಿಂತೆಗಳು ಬೇಕಾದಷ್ಟಿವೆ.

ಲಿಯೋ


ಆಂಗೊಲಾರೆಸ್, ಸಾವೊ ತೊಮೆ
2 ಫೆಬ್ರವರಿ 2016

ಲಿಯೋ ಅಣ್ಣನಿಗೆ,

ಎಲ್ಸಿ ಅತ್ತಿಗೆಯ ವಿಷಯ ಓದಿ ನನಗೆ ದುಃಖವಾಯಿತು. ಆ ಯೂನಿಫಾರ್ಮಿನ ಮಾತು ಓದಿ ಅತ್ತೂಬಿಟ್ಟೆ. ಆದರೆ ಆ ದುಃಖವನ್ನು ನೀನು ನನ್ನ ತಲೆಗೆ ಕಟ್ಟಿದರೆ ನಾನು ಕಟ್ಟಿಸಿಕೊಳ್ಳುವುದಿಲ್ಲ. ಮಗುವಿಗೆ ಅಪ್ಪ ಇಲ್ಲವಾ? ಅಜ್ಜ ಇಲ್ಲವಾ? ಒಬ್ಬಳು ಹೆಂಗಸು ಬರುವುದಿಲ್ಲ ಎಂದರೆ ನಿನ್ನ ಕಣ್ಣು ಸೀದಾ ಇನ್ನೊಬ್ಬಳ ಮೇಲೆ ಹೋಗುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಅವಳಿಗೆ ನನ್ನ ಮೇಲೆ ಬೇಜಾರಿದ್ದರೆ ಅವಳೇ ಬರೆಯಲಿ, ನಾನು ಓದುತ್ತೇನೆ.

ವಿಳಾಸ ಬದಲಾದದ್ದು ನೋಡಿರುತ್ತೀ. ತೆರೆಸಾಳ ಮಗಳು ಹೆರಿಗೆಗೆ ಬಂದಳು, ಕೋಣೆ ಅವಳಿಗೆ ಬೇಕಾಯಿತು. ವೀಸಾ ಮುಂದುವರಿಸಿಕೊಂಡು ಮತ್ತೆ ಜಾಗ ಹುಡುಕಲು ಹೊರಟೆ. ಈಗ ನಾನು ಪಳಗಿದವಳು, ಎಲ್ಲಿಗೆ ಹೋದರೂ ಮೊದಲು "ಕಾಮಾ?" ಎಂದು ನಾನೇ ಕೇಳುತ್ತೇನೆ, ಎರಡನೆಯದಾಗಿ "ಜನೇಲಾ?" ಎಂದು. ಇಲ್ಲಿ ರೋಸಾ ಎಂದರೆ ಹಿಂದಿನ ಕಾಲದ ಕೊಕ್ಕೋ ತೋಟ. ಅಂಥ ಒಂದು ತೋಟದ ಹಳೆಯ ಆಸ್ಪತ್ರೆಯಲ್ಲಿ ಮಂಚ ಕೊಟ್ಟರು. ವಾರ್ಡಿನ ಉದ್ದಕ್ಕೂ ಕಬ್ಬಿಣದ ಮಂಚಗಳು, ಮಲಗುವವಳು ನಾನೊಬ್ಬಳೇ. ಜನೆಲುಗಳು ಆಳೆತ್ತರ, ಆದರೆ ಮಾಡಿನಲ್ಲಿ ಅರ್ಧ ಹೆಂಚಿಲ್ಲ. ಒಬ್ಬ ಪಾದ್ರಿಯ ಮನೆಯಲ್ಲಿ ಕೋಣೆ ಚೆನ್ನಾಗಿತ್ತು, ಬಾವಲಿಗಳು ನನಗಿಂತ ಮೊದಲೇ ಬಂದು ಇದ್ದವು. ಮೀನುಗಾರರ ಮನೆಗಳು ಮರದ ಕಂಬದ ಮೇಲೆ ನಿಂತಿರುತ್ತವೆ, ಕೆಳಗೆ ಹಂದಿ ಕಟ್ಟುತ್ತಾರೆ. ಹಂದಿಯ ಗುರುಗುರು ಕೇಳುತ್ತಾ ನಿದ್ದೆ ಮಾಡಿದಾಗ ನಮ್ಮ ಊರಿನ ಮನೆಯ ಹಿತ್ತಿಲು ನೆನಪಾಯಿತು. ಯಾರೂ ನನ್ನನ್ನು ಹೊರಗೆ ನಿಲ್ಲಿಸಲಿಲ್ಲ. ಬೇಗ ಏಕೆ ಹೋಗುತ್ತೀ ಎಂದೇ ಕೇಳಿದರು. ಇಲ್ಲಿ ಯಾರಿಗೂ ಗಡಿಬಿಡಿಯಿಲ್ಲ, ಎಲ್ಲದಕ್ಕೂ "ಲೆವ್ ಲೆವ್" ಎನ್ನುತ್ತಾರೆ. ನಿಧಾನ ಮಾರಾಯ್ತಿ, ನಿಧಾನ ಎಂದ ಹಾಗೆ.

ಈಗ ದ್ವೀಪದ ದಕ್ಷಿಣಕ್ಕೆ ಈ ಊರಿನಲ್ಲಿ ಒಂದು ಮರದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಎರಡು ಕೋಣೆ. ಒಂದು ನನಗೆ. ಇನ್ನೊಂದು, ನನ್ನ ಹಾಗೆ ಸೂಟ್‌ಕೇಸ್ ಹಿಡಿದು ಅಲೆಯುತ್ತಾ ಬಂದವರಿಗೆ. ಕಳೆದ ವಾರ ಹಕ್ಕಿ ನೋಡಲು ಬಂದ ಇಬ್ಬರು ಇದ್ದು ಹೋದರು. ಅವರ ಹಾಸಿಗೆ ನಾನೇ ಹಾಸಿದೆ, ಮೂಲೆ ಮಡಚಿಯೇ ಹಾಸಿದೆ. ಹಾಗಾದರೆ ಅದೇ ಕೆಲಸ ಆಯಿತಲ್ಲ ಎಂದು ನೀನು ನಗಬಹುದು. ನಗು. ಇದು ನಾನು ಆರಿಸಿಕೊಂಡದ್ದು, ಮನೆಯ ಚಾವಿ ನನ್ನ ಸೊಂಟದಲ್ಲಿದೆ.

ಬೇರೆ ಚಿಂತೆಗಳು ಬೇಕಾದಷ್ಟಿವೆ ಎಂದು ಬರೆದೆ. ಏನು?

ಡೆಲ್ಫಿನ್


ಅಬುಧಾಬಿ
19 ಜೂನ್ 2016

ಪ್ರೀತಿಯ ಡೆಲ್ಫಿನ್‌ಗೆ,

ತುಂಬ ದಿನವಾಯಿತು. ನಾವೆಲ್ಲ ಆರಾಮ. ರಂಜಾನ್ ತಿಂಗಳಾದ್ದರಿಂದ ಆಫೀಸಿನಲ್ಲಿ ಹೆಚ್ಚು ಕೆಲಸವಿಲ್ಲ, ಮಧ್ಯಾಹ್ನವೇ ಕೂತು ನಿನಗೆ ಬರೆಯುತ್ತಿದ್ದೇನೆ. ಹೊರಗೆ ಬಿಸಿಲು ಜೋರಿರಬೇಕು.

ಡ್ಯಾರಲ್ ಗೋಡೆ ಹಿಡಿದು ನಡೆಯುತ್ತಾನೆ. ನನ್ನನ್ನು ಕಂಡರೆ "ಬೈ ಬೈ" ಎನ್ನುತ್ತಾನೆ, ಅವನಿಗೆ ಬರುವ ಇಂಗ್ಲಿಷ್ ಅಷ್ಟೇ. ಎಣ್ಣೆಯ ರೇಟು ಬಿದ್ದದ್ದರಿಂದ ಇಲ್ಲಿ ಎಲ್ಲ ಕಂಪನಿಗಳಲ್ಲೂ ಜನರನ್ನು ತೆಗೆಯುತ್ತಿದ್ದಾರೆ. ನಮ್ಮ ಯುಜಿನ್ ಕೂಡ ಊರಿಗೆ ಹೋದ. ಹಮ್ದಾನ್ ಸ್ಟ್ರೀಟಿನಲ್ಲಿ ನಾವು ಚಹಾ ಕುಡಿಯುತ್ತಿದ್ದ ಶುಕೂರನ ಅಂಗಡಿ ನೆನಪಿದೆಯಾ, ಅದನ್ನೂ ಮುಚ್ಚಿದರಂತೆ. ನೋಡಿದವರು ಹೇಳಿದರು.

ಎಲ್ಸಿಗೆ ಬೆನ್ನುನೋವು. ಮಗುವನ್ನು ಎತ್ತಿ ಎತ್ತಿ.

ಸುಮ್ಮನೆ ಕೇಳುತ್ತೇನೆ, ನಿನ್ನ ಆ ಎರಡನೆಯ ಕೋಣೆಯಲ್ಲಿ ಈಗ ಯಾರಾದರೂ ಇದ್ದಾರಾ?

ನಿನ್ನ ಅಣ್ಣ
ಲಿಯೋ


ಆಂಗೊಲಾರೆಸ್, ಸಾವೊ ತೊಮೆ
27 ಜೂನ್ 2016

ಲಿಯೋ ಅಣ್ಣ,

ನಿನ್ನ ಕಾಗದವನ್ನು ನಾನು ಓದಿದ್ದಕ್ಕಿಂತ ನೋಡಿದ್ದೇ ಹೆಚ್ಚು.

ಈ ಸಲ ಅದು ಸ್ಕ್ಯಾನ್ ಅಲ್ಲ, ಫೋನಿನ ಫೋಟೋ. ಮೂಲೆಯಲ್ಲಿ ನಿನ್ನ ಹೆಬ್ಬೆರಳೂ ಬಂದಿದೆ. ಆಫೀಸಿನ ಸ್ಕ್ಯಾನರ್ ಎಲ್ಲಿ ಹೋಯಿತು? ಪ್ರತಿ ಸಲ ಮೇಲೆ ಹಮ್ದಾನ್ ಸ್ಟ್ರೀಟ್ ಎಂದು ಗತ್ತಿನಿಂದ ಬರೆಯುತ್ತಿದ್ದೆ, ಈ ಸಲ ಬರೀ ಅಬುಧಾಬಿ. ಮನೆಯ ಕೆಳಗೇ ಇರುವ ಅಂಗಡಿ ಮುಚ್ಚಿದ್ದನ್ನು ಬೇರೆಯವರು ನೋಡಿ ನಿನಗೆ ಹೇಳಬೇಕಾಯಿತು. ಮಧ್ಯಾಹ್ನ ಕೂತು ಬರೆಯುತ್ತಿದ್ದೇನೆ ಎನ್ನುತ್ತೀ, ಕಾಗದದ ಮೇಲೆ ಬಿದ್ದಿರುವುದು ಟ್ಯೂಬ್‌ಲೈಟಿನ ಬೆಳಕು. ಜೂನ್ ತಿಂಗಳ ಅಬುಧಾಬಿಯಲ್ಲಿ ಹೊರಗೆ ಬಿಸಿಲು 'ಇರಬೇಕು' ಎಂದು ಯಾರು ಬರೆಯುತ್ತಾರೆ? ಬಿಸಿಲು ಕಾಣದವರು ಬರೆಯುತ್ತಾರೆ.

ಮತ್ತೆ, ಕಾಗದದ ಕೆಳಗೆ ಒಂದು ಹೂವಿನ ಬಟ್ಟೆ ಕಾಣುತ್ತದೆ, ಅದರ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಕಲೆ. ಆ ಇಸ್ತ್ರಿಯ ಹಲಗೆಯನ್ನು ನಾನು ಒಂದು ಬಾಗಿಲಿಗೆ ಒರಗಿಸಿಟ್ಟದ್ದು ನೋಡಿದ್ದೇನೆ. ಆಗ ಅದು ಬಾಗಿಲಿನ ಹೊರಗಿತ್ತು.

ಒಂದೇ ಪ್ರಶ್ನೆ, ಮೊದಲು ಕೇಳಿದ್ದೇ. ಈಗಲಾದರೂ ಉತ್ತರ ಕೊಡು. ಜನೆಲ್ ಉಂಟಾ?

ಡೆಲ್ಫಿನ್


ಅಲ್ ರೀಮ್ ಐಲ್ಯಾಂಡ್, ಅಬುಧಾಬಿ
2 ಜುಲೈ 2016

ಡೆಲ್ಫಿನ್,

ಇಲ್ಲ.

ಏಪ್ರಿಲಿನಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ಫ್ಲಾಟು ಕಂಪನಿಯದ್ದು, ಅದೂ ಹೋಯಿತು. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಇದ್ದವರನ್ನು ಎಬ್ಬಿಸುವುದು ಹೇಗೆ? ಕ್ಯಾರಲ್ ನಮಗೆ ಅವಳ ಹೆಸರಿನ ಮೇಲೆ ವೀಸಾ ಮಾಡಿಸಿ ಇಲ್ಲಿಗೆ ಕರೆದಳು. ಎಲ್ಸಿ ಮಗುವಿನ ಕೋಣೆಯಲ್ಲಿ ಮಲಗುತ್ತಾಳೆ, ಅವನು ಎದ್ದು ಅಳುತ್ತಾನಲ್ಲ. ನನಗೆ ಈ ಕೋಣೆ. ತೋರಿಸುವಾಗ ಕ್ಯಾರಲ್ ಹೇಳಿದಳು, "ಡ್ಯಾಡಾ, ಇಟ್ ಹ್ಯಾಸ್ ಇಟ್ಸ್ ಓನ್ ಬಾತ್‌ರೂಮ್." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ನಿನಗೆ ಹೇಳಿದ್ದೂ ಕೆಟ್ಟ ಮನಸ್ಸಿನಿಂದಲ್ಲ ಎಂದು ನೀನು ನಂಬುತ್ತೀಯೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ಬಾಗಿಲು ಹಾಕಿ ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಈಗ ದೀಪ ಆರಿಸದೆಯೇ ಮಲಗುತ್ತೇನೆ. ನನಗೆ ನಾಚಿಕೆಯಾಗುತ್ತದೆ, ಡೆಲ್ಫಿನ್.

ಎಲ್ಸಿಗೆ ನಿನ್ನ ಮೇಲೆ ಬೇಜಾರು ಎಂದು ಬರೆದಿದ್ದೆ. ಬೇಜಾರು ನನ್ನದು, ಅವಳ ಹೆಸರು ಹಾಕಿದ್ದೆ. ನಿನ್ನ ಕಾಗದಗಳನ್ನೆಲ್ಲ ಅವಳು ಓದಿದ್ದಾಳೆ. ನಿನ್ನೆ ಮಗುವಿಗೆ ಊಟ ಮಾಡಿಸುತ್ತಾ ಹೇಳಿದಳು: "ಡೆಲ್ಫಿನ್ ಒಬ್ಬಳು ಬುದ್ಧಿವಂತೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ಳು. ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ ನೋಡಿ." ಸೆಪ್ಟೆಂಬರಿನಿಂದ ಡ್ಯಾರಲ್‌ನನ್ನು ಈ ಟವರಿನ ಕೆಳಗಿನ ನರ್ಸರಿಗೆ ಹಾಕುತ್ತಾರಂತೆ. ಇಷ್ಟು ಹತ್ತಿರ ನರ್ಸರಿ ಇದೆ ಎಂದು ನಾವು ಯಾರೂ ನೋಡಿರಲೇ ಇಲ್ಲ.

ಆಮೇಲೆ ನಾವು ಸ್ವಲ್ಪ ದಿನದ ಮಟ್ಟಿಗೆ ಬರಬಹುದಾ? ಎಲ್ಸಿ ಕೇಳಲು ಹೇಳಿದಳು. ಇಲ್ಲ, ಸುಳ್ಳು. ನಾನೇ ಕೇಳುತ್ತಿದ್ದೇನೆ. ಕೋಣೆ ಉಂಟಾ? ಜನೆಲ್ ಉಂಟಾ?

ಲಿಯೋ


ಆಂಗೊಲಾರೆಸ್, ಸಾವೊ ತೊಮೆ
6 ಜುಲೈ 2016

ಲಿಯೋ ಅಣ್ಣನಿಗೆ,

ಕೋಣೆ ಉಂಟು. ಜನೆಲ್ ಎರಡು ಉಂಟು. ಒಂದು ಸಮುದ್ರದ ಕಡೆಗೆ, ಇನ್ನೊಂದು ಜೀಗುಜ್ಜೆ ಮರದ ಕಡೆಗೆ. ಸಮುದ್ರದ ಕಡೆಯದ್ದರ ಚಿಲಕ ಸರಿಯಿಲ್ಲ, ಗಾಳಿ ಬಂದರೆ ಬಡಿದುಕೊಳ್ಳುತ್ತದೆ. ನೀನು ಬಂದು ಸರಿಮಾಡು. ಸೆಪ್ಟೆಂಬರಿನವರೆಗೆ ಕಾಯುವುದಾದರೆ, ಅಷ್ಟು ದಿನವಾದರೂ ಆ ಕೋಣೆಯಿಂದ ಎದ್ದು ಹೊರಗೆ ಬಾ. ಮಗುವನ್ನು ಎತ್ತಿಕೊಂಡು ಕೆಳಗೆ ಸಮುದ್ರದ ದಂಡೆಯಲ್ಲಿ ತಿರುಗಾಡಿಸು. ಎಲ್ಸಿ ಅತ್ತಿಗೆಯ ಬೆನ್ನಿಗೂ ಸ್ವಲ್ಪ ಬಿಡುವಾಗುತ್ತದೆ. ಎತ್ತಿಕೊಳ್ಳುವುದು ನಿನಗೂ ಬರುತ್ತದೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದವನು ನೀನೇ.

ವೀಸಾ, ಟಿಕೆಟ್ ಎಲ್ಲ ಮುರಕ್ಕಬಾತಿನ ಫರ್ಝಾನಳ ಹತ್ತಿರ ಮಾಡಿಸು. ಯಾರಾದರೂ "ಕಾಮಾ?" ಎಂದು ಕೇಳಿದರೆ ಬೈಯಬೇಡ, ಹೌದು ಎನ್ನು. ಎಲ್ಸಿಗೆ ಹೇಳು, ಯೂನಿಫಾರ್ಮ್ ಬೇಕಾದರೆ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರಲಿ. ಇಲ್ಲಿ ಒಂದು ಪುಟ್ಟ ಆಸ್ಪತ್ರೆ ಇದೆ. ಹೋಗಬೇಕೆಂದಿಲ್ಲ. ಮನಸ್ಸಿದ್ದರೆ ಮಾತ್ರ. ಅವಳನ್ನು ನೀನು ಒತ್ತಾಯ ಮಾಡಿದ್ದು ಕೇಳಿದರೆ ನಿನ್ನನ್ನು ಹಂದಿಯ ಪಕ್ಕ ಮಲಗಿಸುತ್ತೇನೆ.

ನೀನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ನಾನು ನಂಬುತ್ತೇನೆ. ಆದರೂ ನಾನು ಬರುವುದಿಲ್ಲ ಎಂದದ್ದು ಸರಿಯೇ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಕೊನೆಗೆ ಈ ಮನೆಯ ಒಂದು ಕ್ರಮ. ಬಂದವರ ಹಾಸಿಗೆಯನ್ನೆಲ್ಲ ಇಲ್ಲಿ ನಾನೇ ಹಾಸುತ್ತೇನೆ. ನಿನ್ನದನ್ನು ಮಾತ್ರ ಹಾಸುವುದಿಲ್ಲ. ನಿನ್ನದು ನೀನೇ ಹಾಸಬೇಕು, ಎಲ್ಸಿಯದ್ದೂ ನೀನೇ ಹಾಸಬೇಕು. ಮೂಲೆ ಮಡಚಲು ಬಾರದಿದ್ದರೆ ಹೇಳಿಕೊಡುತ್ತೇನೆ. ಅವಳು ಕದೆಲಿನ ಮೇಲೆ ಕಾಲು ಚಾಚಿ ಕೂತು ನೋಡಲಿ.

ಬಾ ಅಣ್ಣ. ಕಾಮಾ ಉಂಟು. ಕಾಮ್ ನಿನ್ನದು.

ಡೆಲ್ಫಿನ್